ಜಾರಿ ಬಿದ್ದದ್ದು ಅಂತ ಬರೆದಿದ್ರು

ಹೋದ ಏಪ್ರಿಲ್‌ನಲ್ಲಿ ಬಂಗಾರಪೇಟೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಕರೆಂಟ್ ಹೋಯ್ತು. ಮಾವ, ಅಂದ್ರೆ ಅಮ್ಮನ ಅಣ್ಣ, ಊಟ ಮಾಡಿ ಒಳಗಿನ ರೂಮಲ್ಲಿ ಮಲಗಿದ್ರು. ಒಳ್ಳೆ ನಿದ್ದೆ, ಗೊರಕೆ ಕೇಳಿಸ್ತಿತ್ತು. ಫ್ಯಾನ್ ನಿಧಾನಕ್ಕೆ ತಿರುಗಿ ನಿಂತು ಒಂದು ನಿಮಿಷಾನೂ ಆಗಿರ್ಲಿಲ್ಲ, ಎದ್ದು ಕೂತ್ಬಿಟ್ರು. ರೂಮ್ ಇನ್ನೂ ಬಿಸಿಯಾಗಿರ್ಲಿಲ್ಲ, ಪಕ್ಕದಲ್ಲೇ ಕೂತಿದ್ದ ನನಗೆ ಫ್ಯಾನ್ ನಿಂತಿದ್ದೇ ಗೊತ್ತಾಗಿರ್ಲಿಲ್ಲ. ಎದ್ದವರು ಕಿಟಕಿ ತೆಗೆದ್ರು, ಹಿತ್ತಲ ಬಾಗಿಲು ತೆಗೆದ್ರು, ಬಚ್ಚಲಿಗೆ ಹೋಗಿ ಟವೆಲ್ ಒದ್ದೆ ಮಾಡಿ ಹಿಂಡ್ಕೊಂಡು ಬಂದ್ರು. ಅದನ್ನ ಹೆಗಲಿಗೆ ಹಾಕ್ಕೊಳ್ಳೋಕೆ ಮುಂಚೆ ಎರಡು ಸಲ ಗಾಳೀಲಿ ಜೋರಾಗಿ ಬೀಸಿದ್ರು, ಆಮೇಲೆ ಕೆನ್ನೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತ್ರು. ತಣ್ಣಗಾಗಿತ್ತು ಅನ್ಸುತ್ತೆ, ಹಾಕ್ಕೊಂಡು ಜಗಲಿ ಮೇಲೆ ಹೋಗಿ ಕೂತ್ರು.

ಮಾವ 1979ರಿಂದ ಗಣಿ ಮುಚ್ಚಿದ ದಿನ, ಅಂದ್ರೆ 2001ರ ಫೆಬ್ರವರಿ 28ರವರೆಗೆ ಕೆಜಿಎಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು, ಬಹುಪಾಲು ವರ್ಷ ಅಲ್ಲಿನದೇ ಒಂದು ಗಣಿಯಾದ ಚಾಂಪಿಯನ್ ರೀಫ್‌ನ ಆಳದ ಅಂತಸ್ತು, ಅಂದ್ರೆ ಲೆವೆಲ್‌ಗಳಲ್ಲಿ. ಮೇಲಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಆದ್ರೂ ಗಾಳಿ ನಿಂತ ಕೂಡ್ಲೇ ನಿದ್ದೇಲಿರೋ ಮೈ ಎಚ್ಚರ ಆಗುತ್ತೆ. ಇದು ಅವತ್ತಿಂದ ನನ್ನ ತಲೇಲಿ ಕೊರೀತಾ ಇದೆ. ಕೆಜಿಎಫ್ ಬಗ್ಗೆ ಮಾತು ಬಂದಾಗೆಲ್ಲ ನಾವು ಚಿನ್ನದ ಬಗ್ಗೆ ಮಾತಾಡ್ತೀವಿ, ಬ್ರಿಟಿಷರ ಬಂಗಲೆಗಳ ಬಗ್ಗೆ, ಸೈನೈಡ್ ದಿಬ್ಬಗಳ ಬಗ್ಗೆ, ಒತ್ತಡಕ್ಕೆ ಬಂಡೆ ಸಿಡಿಯೋ ರಾಕ್ ಬರ್ಸ್ಟ್ ಬಗ್ಗೆ, ಧೂಳು ತಿಂದು ಹೋದ ಶ್ವಾಸಕೋಶದ ಬಗ್ಗೆ ಮಾತಾಡ್ತೀವಿ. ಬಿಸಿ ಬಗ್ಗೆ ಯಾರೂ ಮಾತಾಡಲ್ಲ. "ಅಯ್ಯೋ ಕೆಳಗೆ ಸೆಕೆ ಜಾಸ್ತಿ" ಅಂತ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ಬಿಡ್ತೀವಿ. ಮಾವನೂ ಅಷ್ಟೇ.

ಒದ್ದೆ ಬಟ್ಟೆ

ಆ ಟವೆಲ್ ಬೀಸೋದನ್ನ ನಾನು ಚಿಕ್ಕಂದಿನಿಂದ ನೋಡಿದೀನಿ, ಅರ್ಥ ಆಗಿದ್ದು ಮಾತ್ರ 2009ರಲ್ಲಿ. ಆಗ ಮೈನಿಂಗ್ ಡಿಪ್ಲೊಮಾ ಓದ್ತಿದ್ದೆ, ಟ್ರೈನಿಂಗ್ ಅಂತ ಒಂದು ಅಂಡರ್‌ಗ್ರೌಂಡ್ ಗಣಿಗೆ ಮೂರು ವಾರ ಹಾಕಿದ್ರು. ಯಾವ ಗಣಿ, ಯಾವ ರಾಜ್ಯ ಅಂತ ಬರೆಯಲ್ಲ, ಮುಂದೆ ಹೇಳೋ ವಿಷಯ ಹಾಗಿದೆ. ಅಲ್ಲಿ ವೆಂಟಿಲೇಶನ್ ನೋಡ್ಕೊಳ್ತಿದ್ದ ಸೂಪರ್‌ವೈಸರ್ ಒಬ್ರ ಜೊತೆ ನನ್ನ ಡ್ಯೂಟಿ. ಅವರ ಕೈಯಲ್ಲಿ ವ್ಹರ್ಲಿಂಗ್ ಹೈಗ್ರೋಮೀಟರ್ ಇರ್ತಿತ್ತು. ಹಿಡಿಕೆ ಹಿಡಿದು ಗರಗರ ತಿರುಗಿಸೋ ಜಾತ್ರೆ ಆಟಿಕೆ ಥರ ಇರುತ್ತೆ, ಒಳಗೆ ಅಕ್ಕಪಕ್ಕ ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಸಣ್ಣ ತುಂಡು ಸುತ್ತಿರ್ತಾರೆ. ತಿರುಗಿಸಿದಾಗ ಬಟ್ಟೆ ಆರುತ್ತೆ, ಆರೋವಾಗ ತಣ್ಣಗಾಗುತ್ತೆ, ಎಷ್ಟು ತಣ್ಣಗಾಯ್ತು ಅನ್ನೋದೇ ವೆಟ್ ಬಲ್ಬ್ ರೀಡಿಂಗ್. ಅವರು ತಿರುಗಿಸಿ ನಿಲ್ಲಿಸಿ ಕ್ಯಾಪ್ ಲ್ಯಾಂಪ್ ಬೆಳಕಿಗೆ ಹಿಡಿದು ಓದ್ತಿದ್ದಾಗ ನನಗೆ ತಟ್ಟಂತ ಮಾವನ ಟವೆಲ್ ನೆನಪಾಯ್ತು. ಮಾವ ಮಾಡ್ತಿದ್ದದ್ದು ಅದನ್ನೇ. ಗಾಳಿ ಒದ್ದೆಯನ್ನ ತಗೊಳ್ಳುತ್ತಾ ಇಲ್ವಾ ಅಂತ ನೋಡೋದು. ಥರ್ಮಾಮೀಟರ್ ಜಾಗದಲ್ಲಿ ಕೆನ್ನೆ, ಅಷ್ಟೇ ವ್ಯತ್ಯಾಸ.

ಇದು ಯಾಕೆ ಅಷ್ಟು ಮುಖ್ಯ ಅಂತ ರಾಯಚೂರಿನ ಬಿಸಿಲು ಇಟ್ಕೊಂಡು ನೋಡಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ, ತೇವಾಂಶ 20 ಪರ್ಸೆಂಟ್ ಅಂತಿಟ್ಕೊಳ್ಳಿ. ಆಗ ವೆಟ್ ಬಲ್ಬ್ 24ರ ಆಸುಪಾಸು ಬರುತ್ತೆ. ಈಗ ನೆಲದ ಕೆಳಗೆ ಒಂದು ಜಾಗ, ಬರೀ 32 ಡಿಗ್ರಿ, ಆದ್ರೆ ತೇವಾಂಶ 95 ಪರ್ಸೆಂಟ್. ಅಲ್ಲಿ ವೆಟ್ ಬಲ್ಬ್ 31 ದಾಟುತ್ತೆ. ಟಿವೀಲಿ 42 ಅಂದ್ರೆ ನಾವು ಹೌಹಾರ್ತೀವಿ, 32 ಅಂದ್ರೆ ತಿರುಗಿಯೂ ನೋಡಲ್ಲ, ಆದ್ರೆ ದುಡಿಯೋ ಮೈಗೆ ಎರಡನೆಯದೇ ಕಷ್ಟ. ಇದನ್ನ ಜೆ. ಎಸ್. ಹಾಲ್ಡೇನ್ ಅನ್ನೋ ವಿಜ್ಞಾನಿ 1905ರಲ್ಲೇ ಹೇಳಿದ್ರು, ಕಾರ್ನ್‌ವಾಲ್‌ನ ಬಿಸಿ ಗಣಿಗಳನ್ನ ನೋಡಿ, ತಾವೇ ಬಿಸಿ ಜಾಗದಲ್ಲಿ ಕೂತು ಮೈ ಶಾಖ ಅಳೆದು. ಮಾಮೂಲಿ ಥರ್ಮಾಮೀಟರ್ ಏನು ಹೇಳುತ್ತೆ ಅನ್ನೋದಕ್ಕಿಂತ ಒದ್ದೆ ಬಟ್ಟೆ ಸುತ್ತಿದ್ದು ಏನು ಹೇಳುತ್ತೆ ಅನ್ನೋದು ಮುಖ್ಯ ಅಂತ. ಲೋಹದ ಗಣಿಗಳಿಗೆ ಅಂತ ಮಾಡಿದ ನಮ್ಮ 1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಶನ್ಸ್‌ನಲ್ಲೂ ಮಿತಿ ಇಟ್ಟಿರೋದು ವೆಟ್ ಬಲ್ಬ್‌ಗೇ: ಕೆಲಸದ ಜಾಗದಲ್ಲಿ 33.5 ಡಿಗ್ರಿ ದಾಟಬಾರದು, 30.5 ದಾಟಿದ್ರೆ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಗಾಳಿ ಆಡ್ತಿರಬೇಕು. ಆ ಒಂದು ಮೀಟರ್ ಅನ್ನೋದು ಕಾಗದದ ಮೇಲೆ ಸಣ್ಣ ವಿಷಯ. ಕೆಳಗೆ ನಿಂತಾಗ, ಬೆನ್ನಿಗೆ ಗಾಳಿ ತಾಗ್ತಿದ್ಯಾ ಇಲ್ವಾ ಅನ್ನೋದೇ ಇನ್ನು ಅರ್ಧ ಗಂಟೆ ಕೆಲಸ ಮಾಡ್ತೀರಾ ಇಲ್ವಾ ಅನ್ನೋದನ್ನ ತೀರ್ಮಾನ ಮಾಡುತ್ತೆ.

ಆಳಕ್ಕೆ ಹೋದಷ್ಟೂ ಯಾಕೆ ಬಿಸಿ ಅಂದ್ರೆ ಕಲ್ಲು ಬಿಸಿ ಅಂತ ಎಲ್ರಿಗೂ ಗೊತ್ತು. ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ ಹೋಗಿತ್ತು, ತಳದಲ್ಲಿ ಬಂಡೆಯ ಶಾಖ 65 ಡಿಗ್ರಿ ದಾಟಿತ್ತು. ಕಲ್ಲು ಸುಡ್ತಿತ್ತಾ ಅಂತ ಕೇಳಿದ್ರೆ ಮಾವ ಹೇಳೋದು, "ಬರಿಗೈ ಇಟ್ರೆ ಇಟ್ಟಷ್ಟೇ ಬೇಗ ತೆಗೀತಿದ್ವಿ ಕಣಪ್ಪ." ಆದ್ರೆ ಕಲ್ಲೊಂದೇ ಅಲ್ಲ. ಮೇಲಿಂದ ಇಳಿಯೋ ಗಾಳಿ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದಾಗ ತುದಿ ಬಿಸಿ ಆಗುತ್ತಲ್ಲ ಹಾಗೆ. ಒಣ ಗಾಳಿಯಾದ್ರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ. ಅಂದ್ರೆ ಕಲ್ಲು ತಣ್ಣಗೇ ಇದ್ರೂ ಎರಡು ಕಿಲೋಮೀಟರ್ ಕೆಳಗೆ ಬರೋ ಹೊತ್ತಿಗೆ ಗಾಳಿ ಬಿಸಿಯಾಗೇ ಬರ್ತಿತ್ತು. ಅದರ ಮೇಲೆ ಡೀಸೆಲ್ ಮೆಷಿನ್, ಬ್ಲಾಸ್ಟಿಂಗ್, ಪಂಪು, ಮೋಟಾರು. ಇವಿಷ್ಟರ ಶಾಖಕ್ಕೂ ಹೊರಗೆ ಹೋಗೋಕೆ ಇರೋದು ಅದೇ ಗಾಳಿ.

ಇದೇ ಚಾಂಪಿಯನ್ ರೀಫ್‌ನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ನ್ಯೂಟ್ರಿನೊ ಅನ್ನೋ, ಬಂಡೆಯನ್ನೂ ತೂರಿ ಹೋಗೋ ಸಣ್ಣ ಕಣ ಹಿಡಿದ್ರು. ಅಷ್ಟು ಕಲ್ಲು ಮೇಲಿದ್ದು ಬೇರೆ ಕಣಗಳನ್ನ ತಡೆದದ್ದಕ್ಕೇ ಅದು ಸಾಧ್ಯ ಆಗಿದ್ದು. ಅದು ನನಗೆ ನಿಜವಾಗ್ಲೂ ಹೆಮ್ಮೆ. ಆ ಆಳ ವಿಜ್ಞಾನಕ್ಕೆ ಏನು ಕೊಡ್ತು ಅಂತ ಪುಸ್ತಕದಲ್ಲಿದೆ, ಅದೇ ಆಳಕ್ಕೆ ದಿನಾ ಇಳಿದು ಹತ್ತಿದವರ ಮೈಗೆ ಏನಾಯ್ತು ಅನ್ನೋದೂ ಅಷ್ಟೇ ವಿವರವಾಗಿ ಎಲ್ಲಾದ್ರೂ ಇರಬೇಕಿತ್ತು ಅನ್ನಿಸುತ್ತೆ.

ಮೈ ಏನು ಮಾಡುತ್ತೆ

ಮೈ ಒಂದು ಒಲೆ. ನಾವು ಸುತ್ತಿಗೆ ಎತ್ತಿದಾಗ, ಕಲ್ಲು ತುಂಬಿದಾಗ, ಖರ್ಚಾಗೋ ಶಕ್ತೀಲಿ ಐದರಲ್ಲೊಂದು ಭಾಗ ಕೆಲಸಕ್ಕೆ ಹೋಗುತ್ತೆ, ಉಳಿದದ್ದೆಲ್ಲ ಶಾಖ. ತಣ್ಣನೆ ಜಾಗದಲ್ಲಿ ಅದು ಚರ್ಮದಿಂದ ತಾನಾಗೇ ಹೊರಗೆ ಹೋಗುತ್ತೆ. ಸುತ್ತಲ ಕಲ್ಲು, ಗಾಳಿ ಮೈಗಿಂತ ಬಿಸಿಯಾಗಿದ್ರೆ ಶಾಖ ಹೊರಗೆ ಹೋಗೋ ಬದ್ಲು ಒಳಗೇ ಬರುತ್ತೆ. ಆಗ ಉಳಿಯೋದು ಬೆವರು ಒಂದೇ. ಒಂದು ಲೀಟರ್ ಬೆವರು ಮೈ ಮೇಲೇ ಪೂರ್ತಿ ಆರಿದ್ರೆ ಸುಮಾರು 580 ಕಿಲೋಕ್ಯಾಲರಿ ಶಾಖ ತಗೊಂಡು ಹೋಗುತ್ತೆ, ಗಟ್ಟಿ ಕೆಲಸದ ಒಂದು ಗಂಟೆಗೆ ಅದು ಬೇಕಾದಷ್ಟಾಯ್ತು. ಆರಿದ್ರೆ ಮಾತ್ರ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿಂದ ಮೈಗೆ ಏನೂ ಸಿಗಲ್ಲ, ನೀರು ಹೋಯ್ತು ಉಪ್ಪು ಹೋಯ್ತು ಅಷ್ಟೇ. ಗಾಳಿ ಒದ್ದೆಯಾಗಿದ್ರೆ ಆಗೋದು ಅದೇ, ಮೈ ಇನ್ನೂ ಜಾಸ್ತಿ ಬೆವರುತ್ತೆ, ಅದು ಇನ್ನೂ ಜಾಸ್ತಿ ಸುರಿಯುತ್ತೆ, ಶಾಖ ಮಾತ್ರ ಒಳಗೇ.

ಇಷ್ಟರಲ್ಲಿ ಹೃದಯದ ಕಷ್ಟ ಬೇರೆ. ರಕ್ತ ಒಂದೇ, ಕೇಳೋರು ಇಬ್ರು. ಕೆಲಸ ಮಾಡೋ ಸ್ನಾಯು ರಕ್ತ ಕೊಡು ಅನ್ನುತ್ತೆ, ಶಾಖ ಹೊರಗೆ ಹಾಕೋಕೆ ಚರ್ಮನೂ ಕೊಡು ಅನ್ನುತ್ತೆ. ಬೆವರಿ ಬೆವರಿ ರಕ್ತದಲ್ಲಿನ ನೀರೂ ಕಮ್ಮಿಯಾಗ್ತಾ ಬರುತ್ತೆ. ಹೃದಯ ಇಬ್ಬರಿಗೂ ಹಂಚೋಕೆ ಜೋರಾಗಿ ಬಡ್ಕೊಳ್ಳುತ್ತೆ, ಒಳಮೈ ಶಾಖ ಒಂದು ಡಿಗ್ರಿ ಏರಿದ್ರೆ ನಾಡಿ ನಿಮಿಷಕ್ಕೆ ಸುಮಾರು 30 ಜಾಸ್ತಿ. ಅದಕ್ಕೋಸ್ಕರ ಕರುಳಿಗೆ, ಕಿಡ್ನಿಗೆ ಹೋಗೋ ರಕ್ತ ಕಡಿಮೆ ಮಾಡುತ್ತೆ. ಮೊದಲು ಸುಸ್ತು, ತಲೆನೋವು, ವಾಕರಿಕೆ. ಆಮೇಲೆ ಸಿಟ್ಟು. ಇದನ್ನ ಹೇಳಲೇಬೇಕು, ಯಾಕಂದ್ರೆ ಬಿಸೀಲಿ ಇರೋ ಮನುಷ್ಯ ಸುಮ್ ಸುಮ್ನೆ ರೇಗ್ತಾನೆ, ಮಾತು ತಡವರಿಸ್ತಾನೆ, ಮಾಡೋ ಕೆಲಸದ ಮೇಲೆ ನಿಗಾ ತಪ್ಪುತ್ತೆ, ಅದು ಅವನ ಸ್ವಭಾವ ಅಲ್ಲ, ಮಿದುಳು ಬಿಸಿಯಾಗ್ತಿರೋ ಲಕ್ಷಣ. ಒಳಮೈ 40 ಡಿಗ್ರಿ ದಾಟಿ ಪ್ರಜ್ಞೆ ಕಲಸಿಹೋದ್ರೆ ಅದು ಹೀಟ್ ಸ್ಟ್ರೋಕ್. ಅಲ್ಲಿಂದ ಉಳಿಸ್ಕೊಳ್ಳೋಕೆ ಇರೋದು ನಿಮಿಷಗಳ ಲೆಕ್ಕ, ಸಿಕ್ಕಿದ ನೀರಲ್ಲಿ ಮೈ ತೋಯಿಸಿ ಗಾಳಿ ಹಾಕಬೇಕು. ಎರಡು ಕಿಲೋಮೀಟರ್ ಕೆಳಗೆ ಇರೋವಾಗ ಗಣಿಯ ಲಿಫ್ಟು, ಅಂದ್ರೆ ಕೇಜ್ ಬಂದು ಮೇಲಕ್ಕೆ ಹೋಗೋವರೆಗೂ ಕಾಯೋದು ಅಂದ್ರೇನು ಅಂತ ನೀವೇ ಯೋಚನೆ ಮಾಡಿ.

ಮೈ ಕಲಿಯುತ್ತೆ ಅನ್ನೋದೂ ನಿಜ. ಬಿಸಿಯಲ್ಲಿ ಒಂದೆರಡು ವಾರ ದಿನಾ ಕೆಲಸ ಮಾಡಿದ್ರೆ ಬೇಗ ಬೆವರೋಕೆ ಶುರು ಮಾಡುತ್ತೆ, ಜಾಸ್ತಿ ಬೆವರುತ್ತೆ, ಬೆವರಲ್ಲಿ ಉಪ್ಪು ಬಿಡೋದು ಕಮ್ಮಿ ಮಾಡುತ್ತೆ, ರಕ್ತದ ನೀರಿನ ಅಂಶ ಹೆಚ್ಚಾಗುತ್ತೆ. ಆದ್ರೆ ರಜೆ ಹಾಕಿ ಮೂರು ನಾಲ್ಕು ವಾರ ಊರಲ್ಲಿ ಇದ್ದು ಬಂದ್ರೆ ಕಲಿತದ್ದು ಹೋಗಿರುತ್ತೆ. ಮಾವ ಹೇಳ್ತಾರೆ, ಪೊಂಗಲ್‌ಗೆ ಅಂತ ಊರಿಗೆ ಹೋಗಿ ಬಂದವರು ಮೊದಲ ನಾಲ್ಕು ದಿನ "ಹಸುಗೂಸು ಥರ" ಅಂತ. ಹಳಬ್ರು ಅವರನ್ನ ಗಾಳಿ ಬರೋ ಕಡೆ ನಿಲ್ಲಿಸ್ಕೊಳ್ತಿದ್ರಂತೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ ಸಂಸ್ಥೆ ಇವತ್ತು ಕೊಡೋ ಸಲಹೇನೂ ಇದೇ, ಹೊಸಬರಿಗೆ ಮೊದಲ ದಿನ 20 ಪರ್ಸೆಂಟ್ ಕೆಲಸ, ದಿನಕ್ಕೆ 20 ಏರಿಸಿ, ರಜೆಯಿಂದ ಬಂದ ಹಳಬರಿಗೆ ಮೊದಲ ದಿನ ಅರ್ಧ. ಹಳಬ್ರಿಗೆ ಇದು ಯಾರೂ ಹೇಳಿಕೊಡದೇ ಗೊತ್ತಿತ್ತು.

ಶರ್ಟಿನ ಮೇಲಿನ ಸುಣ್ಣ

ಬೇಸಿಗೆ ರಜೆಗೆ ನಾವು ಹೋಗ್ತಿದ್ದದ್ದು ಮಾವನ ಲೈನ್ ಮನೆಗೆ, ಅಂದ್ರೆ ಗಣಿ ಕಾರ್ಮಿಕರ ಸಾಲು ಮನೆಗೆ. ಒಂದು ರೂಮು, ಒಂದು ಅಡುಗೆಮನೆ, ಮುಂದೆ ಗಲ್ಲಿ. ಹಿಂದುಗಡೆ ತಂತಿ ಮೇಲೆ ಮಾವನ ಕೆಲಸದ ಶರ್ಟ್, ಕಡು ನೀಲಿ. ಅದರ ಬೆನ್ನ ಮೇಲೆ, ಕಂಕುಳ ಕೆಳಗೆ, ಬಿಳೀ ಗೆರೆಗಳು ಅಲೆ ಅಲೆಯಾಗಿ ಇರ್ತಿದ್ವು, ಕೆರೆ ನೀರು ಇಳಿದಾಗ ದಂಡೇಲಿ ಒಂದರ ಕೆಳಗೊಂದು ಗುರುತು ಬಿಡುತ್ತಲ್ಲ ಹಾಗೆ. ನಾನು ಸುಣ್ಣ ಅಂದ್ಕೊಂಡಿದ್ದೆ. ಗಣಿ ಒಳಗೆ ಗೋಡೆಗೆ ಸುಣ್ಣ ಹೊಡೀತಾರೆ, ಒರಗಿದ್ರೆ ಅಂಟ್ಕೊಳ್ಳುತ್ತೆ ಅಂತ. ಒಂದಿನ ಕೆರೆದು ನಾಲಿಗೆಗೆ ಇಟ್ಕೊಂಡೆ. ಉಪ್ಪು! ಅತ್ತೆ ನೋಡಿ ಬೈದ್ರು, ಶರ್ಟ್ ಕಿತ್ಕೊಂಡು ಬಕೆಟ್‌ಗೆ ಹಾಕಿದ್ರು. ಮೊದಲು ಬರೀ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ ಆಮೇಲೆ ಸೋಪು ಹಾಕ್ತಿದ್ರು, ಇಲ್ದಿದ್ರೆ ನೊರೆ ಬರ್ತಿರ್ಲಿಲ್ಲ. ಆ ಗೆರೆಗಳು ಒಂದೊಂದೂ ಒಂದೊಂದು ಸಲ ಒದ್ದೆಯಾಗಿ ಒಣಗಿದ್ದರ ಗುರುತು ಅಂತ ಈಗ ಗೊತ್ತು, ಊಟದ ಹೊತ್ತು, ಕೇಜ್ ಕಾಯೋ ಹೊತ್ತು.

ಅತ್ತೆ ಬೆಳಿಗ್ಗೆ ಡಬ್ಬಿಗೆ ಹಾಕಿ ಕೊಡ್ತಿದ್ದದ್ದು ರಾಗಿ ಅಂಬಲಿ, ಮಜ್ಜಿಗೆ ಬೆರೆಸಿ, ಉಪ್ಪು ಸ್ವಲ್ಪ ಮುಂದಾಗೇ, ಹಸಿ ಈರುಳ್ಳಿ. ಅದಿಲ್ದೆ ಬರೀ ನೀರು ಕುಡ್ಕೊಂಡು ಕೆಲಸ ಮಾಡಿದ ದಿನ ಸಂಜೆ ಮೀನಖಂಡ ಕಲ್ಲಿನ ಥರ ಹಿಡ್ಕೊಳ್ತಿತ್ತಂತೆ, ಕೆಲವು ಸಲ ಹೊಟ್ಟೆ ಸ್ನಾಯುನೇ. 1923ರಲ್ಲಿ ಇಂಗ್ಲೆಂಡಿನಲ್ಲಿ ನೆವಿಲ್ ಮಾಸ್ ಅನ್ನೋರು ಕಲ್ಲಿದ್ದಲ ಗಣಿ ಕಾರ್ಮಿಕರಿಗೆ ಬರ್ತಿದ್ದ ಇದೇ ಸೆಳೆತದ ಬಗ್ಗೆ ಬರೆದ್ರು, ಬೆವರಲ್ಲಿ ಉಪ್ಪು ಹೋಗಿ ಮೇಲಿಂದ ಬರೀ ನೀರು ಕುಡಿದ್ರೆ ಹೀಗಾಗುತ್ತೆ, ಕುಡಿಯೋ ನೀರಿಗೆ ಉಪ್ಪು ಹಾಕಿ ಅಂತ. ಅತ್ತೆಗೆ ಅದು ಅವರಮ್ಮನಿಂದ ಬಂದದ್ದು, ಹೊಲದ ಕೆಲಸದಿಂದ.

ನಮ್ಮ ಮೈನ್ಸ್ ರೂಲ್ಸ್ 1955ರ ಪ್ರಕಾರ ಕುಡಿಯೋ ನೀರು ತಲೆಗೆ ಕನಿಷ್ಠ ಎರಡು ಲೀಟರ್ ಇರಬೇಕು. ಬಿಸಿ ಜಾಗದಲ್ಲಿ ಗಟ್ಟಿ ಕೆಲಸ ಮಾಡೋರು ಗಂಟೆಗೆ ಒಂದು ಲೀಟರ್ ಬೆವರೋದು ದೊಡ್ಡ ವಿಷಯ ಅಲ್ಲ. ಎಂಟು ಗಂಟೆ ಶಿಫ್ಟು. ನನ್ನ ಟ್ರೈನಿಂಗ್‌ನ ಮೂರನೇ ದಿನ ಮೇಲಕ್ಕೆ ಬಂದು ಗಮ್ ಬೂಟ್ ಬಿಚ್ಚಿ ಬಗ್ಗಿಸಿದಾಗ ನೀರು ಸುರೀತು. ಎಲ್ಲೂ ನೀರಿಗೆ ಕಾಲಿಟ್ಟಿರ್ಲಿಲ್ಲ. ನಾನು ಏನೂ ಎತ್ತಿಲ್ಲ ಇಳಿಸಿಲ್ಲ, ಸೂಪರ್‌ವೈಸರ್ ಹಿಂದೆ ನೋಟ್‌ಬುಕ್ ಹಿಡ್ಕೊಂಡು ನಡೆದಿದ್ದೆ ಅಷ್ಟೇ. ಪಕ್ಕದಲ್ಲಿ ಡ್ರಿಲ್ಲರ್ ಒಬ್ರು ತಮ್ಮ ಬೂಟ್ ಬಗ್ಗಿಸ್ತಿದ್ರು, ಅದು ನಿಲ್ಲೋಕೆ ಹೊತ್ತೇ ಹಿಡೀತು.

ಮೆಟ್ಟಿಲು ಹತ್ತಿಸೋ ರೂಮು

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಕಥೆ ಓದಿದಾಗ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬಂದಿರ್ಲಿಲ್ಲ. ಅಲ್ಲಿ 1920ರ ದಶಕದಲ್ಲೇ ಹೀಟ್ ಸ್ಟ್ರೋಕ್‌ನಿಂದ ಜನ ಸಾಯೋಕೆ ಶುರುವಾಗಿತ್ತು. ಆಮೇಲೆ ಮೂವತ್ತರ ದಶಕದಲ್ಲಿ ಡ್ರಿಯೋಸ್ಟಿ ಅನ್ನೋ ಡಾಕ್ಟರ್, ಬಿಸಿ ಯಾರು ತಡ್ಕೊಳ್ತಾರೆ ಯಾರು ತಡ್ಕೊಳ್ಳಲ್ಲ ಅಂತ ಪರೀಕ್ಷೆ ಮಾಡೋ ಪದ್ಧತಿ ತಂದ್ರು. ಮುಂದೆ ಅದು ದೊಡ್ಡ ದೊಡ್ಡ ಹವಾ ಕೋಣೆಗಳಾಯ್ತು. ಮೊಜಾಂಬಿಕ್, ಲೆಸೊಥೊ ಅಂತ ದೂರದೂರದಿಂದ ಕೂಲಿಗೆ ಬಂದ ಕಪ್ಪು ಜನರನ್ನ ಆವಿ ತುಂಬಿದ ರೂಮಲ್ಲಿ ಸಾಲಾಗಿ ನಿಲ್ಲಿಸಿ, ತಾಳಕ್ಕೆ ಸರಿಯಾಗಿ ಕಟ್ಟೆ ಹತ್ತಿ ಇಳಿ, ಹತ್ತಿ ಇಳಿ ಅಂತ ದಿನಕ್ಕೆ ನಾಲ್ಕು ಗಂಟೆ, ಎಂಟು ದಿನ. ಮಧ್ಯೆ ಮಧ್ಯೆ ಬಾಯಿಗೆ ಥರ್ಮಾಮೀಟರ್. ಎಂಟು ದಿನ ಆದ್ಮೇಲೆ ಕೆಳಗೆ ಇಳಿಸೋದು.

ಇದರಿಂದ ಸಾವು ಕಡಿಮೆ ಆಯ್ತು, ಅದನ್ನ ಒಪ್ಪಲೇಬೇಕು. ಮಾಡಿದ ಡಾಕ್ಟರುಗಳು ಶ್ರದ್ಧೆಯಿಂದಲೇ ಮಾಡಿದ್ರು, ಬಿಸಿ ಮತ್ತು ಮನುಷ್ಯನ ಮೈ ಬಗ್ಗೆ ಇವತ್ತು ನಮಗೆ ಗೊತ್ತಿರೋದ್ರಲ್ಲಿ ತುಂಬ ಭಾಗ ಅಲ್ಲಿಂದ ಬಂದದ್ದು. ಆದ್ರೂ ಆ ಸಾಲು ನನ್ನ ಕಣ್ಣ ಮುಂದಿಂದ ಹೋಗಲ್ಲ. ಗಣಿಯನ್ನ ಮನುಷ್ಯನಿಗೆ ತಕ್ಕ ಹಾಗೆ ತಣ್ಣಗೆ ಮಾಡೋಕೆ ಖರ್ಚು ಜಾಸ್ತಿ, ಮನುಷ್ಯನನ್ನ ಗಣಿಗೆ ತಕ್ಕ ಹಾಗೆ ಬಿಸಿ ಮಾಡೋಕೆ ಖರ್ಚು ಕಮ್ಮಿ. ಇವತ್ತು ಅಲ್ಲಿನ ಎಂಪೊನೆಂಗ್ ಗಣಿ 4 ಕಿಲೋಮೀಟರ್ ಹತ್ತಿರ ಇಳಿದಿದೆ, ಬಂಡೆ 66 ಡಿಗ್ರಿ, ಅಲ್ಲಿ ಐಸ್ ಕಲಸಿದ ನೀರನ್ನ ಮೇಲಿಂದ ಪೈಪಲ್ಲಿ ಕೆಳಗೆ ಬಿಟ್ಟು ಗಾಳಿಯನ್ನ 30 ಡಿಗ್ರಿಗಿಂತ ಕೆಳಗೆ ತರ್ತಾರೆ. ಆಗುತ್ತೆ ಅಂತಾಯ್ತಲ್ಲ. ಕೆಜಿಎಫ್‌ನಲ್ಲೂ ಮೇಲೆ ಗಾಳಿ ತಣ್ಣಗೆ ಮಾಡೋ ಪ್ಲಾಂಟ್ ಇತ್ತು. ಆದ್ರೆ ತಣ್ಣನೆ ಗಾಳಿ ಗಣಿಗೆ ಇಳಿಯೋ ಬಾವಿ, ಅಂದ್ರೆ ಶಾಫ್ಟ್ ಇಳಿದು, ಲೆವೆಲ್ ದಾಟಿ, ಮೂಲೇಲಿ ಅದಿರು ಅಗೆಯೋ ಸ್ಟೋಪ್‌ಗೆ ಹೋಗೋ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದು ಬೇರೆ ಮಾತು, ಮಾವನ ಲೆಕ್ಕದಲ್ಲಿ "ಶಾಫ್ಟ್ ಹತ್ರ ಊಟಿ, ಒಳಗೆ ಹೋದ್ರೆ ಬಚ್ಚಲ ಒಲೆ."

ಇನ್ನೊಂದು ತೊಡಕು ಇದೆ. ಸಿಲಿಕೋಸಿಸ್, ಅಂದ್ರೆ ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ರೋಗ, ತಡೆಯೋಕೆ ಡ್ರಿಲ್ಲಿಂಗ್ ಮಾಡೋವಾಗ ನೀರು ಬಿಡಲೇಬೇಕು, ಒಡೆದ ಕಲ್ಲಿನ ಮೇಲೆ ನೀರು ಹೊಡೀಲೇಬೇಕು, ಇಲ್ದಿದ್ರೆ ಧೂಳು ಶ್ವಾಸಕೋಶಕ್ಕೆ. ಆದ್ರೆ ಬಿಸಿ ಕಲ್ಲಿನ ಮೇಲೆ ಬಿದ್ದ ನೀರು ಆವಿಯಾಗಿ ಗಾಳಿ ಸೇರುತ್ತೆ, ವೆಟ್ ಬಲ್ಬ್ ಏರುತ್ತೆ, ಬೆವರು ಆರಲ್ಲ. ಶ್ವಾಸಕೋಶ ಉಳಿಸಿದ ನೀರೇ ಹೃದಯಕ್ಕೆ, ಕಿಡ್ನಿಗೆ ಭಾರ ಆಗುತ್ತೆ. ಇದಕ್ಕೆ ಉತ್ತರ ಒಂದೇ, ಗಾಳಿ, ಇನ್ನೂ ಗಾಳಿ, ತಣ್ಣನೆ ಗಾಳಿ. ಅದಕ್ಕೆ ಕರೆಂಟ್ ಬಿಲ್.

ರಿಜಿಸ್ಟರ್

ಈಗ ಆ ಟ್ರೈನಿಂಗ್ ವಿಷಯ. ಎರಡನೇ ವಾರ, ಫಸ್ಟ್ ಶಿಫ್ಟ್, ಊಟದ ನಂತರ. ಮುಂದಕ್ಕೆ ಅಗೀತಿದ್ದ ಸುರಂಗದ ತುದೀಲಿ, ಅಂದ್ರೆ ಒಂದು ಹೆಡಿಂಗ್‌ನಲ್ಲಿ ಆಕ್ಸಿಲರಿ ಫ್ಯಾನ್‌ನಿಂದ ಬರೋ ಗಾಳಿಯ ಕೊಳವೆ, ಅಂದ್ರೆ ಡಕ್ಟ್, ಮಧ್ಯದಲ್ಲಿ ಹರಿದಿತ್ತು. ಫ್ಯಾನ್ ಓಡ್ತಿತ್ತು, ಸದ್ದು ಬರ್ತಿತ್ತು, ಗಾಳಿ ಮಾತ್ರ ಕೊನೆಗೆ ಬರ್ತಿರ್ಲಿಲ್ಲ. ಸೂಪರ್‌ವೈಸರ್ ಹೈಗ್ರೋಮೀಟರ್ ತಿರುಗಿಸಿ ಓದಿದ್ರು, 33. ಇನ್ನೊಂದು ಸಲ ತಿರುಗಿಸಿದ್ರು, ಅದೇ. ಡಕ್ಟ್ ನೋಡ್ಕೊಂಡು ಬರ್ತೀನಿ ಅಂತ ಅವರು ಹಿಂದಕ್ಕೆ ಹೋದ್ರು. ಮುಂದೆ ಒಬ್ಬ ಹುಡುಗ ಕೆಲಸ ಮಾಡ್ತಿದ್ದ, ಕಂಟ್ರಾಕ್ಟ್ ಲೇಬರು, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ತಂಗಿ ಮದುವೆ ಮುಗಿಸಿ ಹಿಂದಿನ ದಿನವಷ್ಟೇ ಡ್ಯೂಟಿಗೆ ಬಂದಿದ್ದ ಅಂತ ಆಮೇಲೆ ಗೊತ್ತಾಯ್ತು. ನಾನು ನೋಡ್ತಾ ಇದ್ದ ಹಾಗೇ ಅವನು ಒಂದೇ ಕಲ್ಲನ್ನ ಮೂರು ಸಲ ಎತ್ತೋಕೆ ಹೋಗಿ ಮೂರು ಸಲನೂ ಬಿಟ್ಟ. ಪಕ್ಕದವನಿಗೆ ಏನೋ ಬೈದ, ಯಾಕೆ ಅಂತ ಆ ಪಕ್ಕದವನಿಗೇ ಅರ್ಥ ಆಗ್ಲಿಲ್ಲ. ಆಮೇಲೆ ತಿರುಗಿ ಏಣಿ ಕಡೆ ನಡೆದ. ನಡಿಗೆ ಕುಡಿದವರ ಥರ. ಎರಡು ಮೆಟ್ಟಿಲು ಹತ್ತಿದ, ನಿಂತ, ಕೈ ಬಿಟ್ಟ. ಬಿಗಿಯಾಗಿ ಹಿಡಿದಿದ್ದ ಕೈ ಜಾರಿದ್ದಲ್ಲ, ಬೆರಳು ತಾನಾಗೇ ಬಿಚ್ಕೊಂಡಿದ್ದು. ನಾನು ನೋಡಿದೀನಿ.

ಎತ್ತರ ಜಾಸ್ತಿ ಇರ್ಲಿಲ್ಲ, ಜೀವಕ್ಕೇನೂ ಆಗ್ಲಿಲ್ಲ, ಭುಜದ ಮೂಳೆ ಮುರೀತು. ಅವನನ್ನ ಎತ್ತಿದಾಗ ಮೈ ಮುಟ್ಟಿದ್ದು ಇವತ್ತಿಗೂ ನನ್ನ ಅಂಗೈಯಲ್ಲಿದೆ, ಜ್ವರ ಬಂದ ಮಗು ಹಣೆ ಥರ ಬಿಸಿ. ಹೆಲ್ಮೆಟ್‌ನಲ್ಲೇ ನೀರು ತಂದು ಸುರಿದ್ರು, ಶರ್ಟ್ ಬಿಚ್ಚಿ ಬೀಸಿದ್ರು, ಗಾಳಿ ಇರೋ ಕಡೆಗೆ ಎಳ್ಕೊಂಡು ಹೋದ್ರು. ಅವನು ತಾಯಿಯನ್ನ ಕರೀತಿದ್ದ. ಸ್ವಲ್ಪ ಹೊತ್ತಾದ್ಮೇಲೆ ನಾನು ಯಾರು, ಇದ್ಯಾವ ಲೆವೆಲ್ ಅಂತ ಕೇಳಿದ.

ಮರುದಿನ ಆಫೀಸಲ್ಲಿ ಎಂಟ್ರಿ ನೋಡಿದೆ. "ಏಣಿಯಿಂದ ಕಾಲು ಜಾರಿ ಬಿದ್ದದ್ದು. ಅಜಾಗರೂಕತೆ." ನಾನು ಆ ಸೂಪರ್‌ವೈಸರ್‌ಗೆ, ಸಾರ್, ರೀಡಿಂಗ್ 33 ಇತ್ತಲ್ಲ, ಗಾಳಿ ಇರ್ಲಿಲ್ಲವಲ್ಲ ಅಂದೆ. ಅವರು ಕೆಟ್ಟವರಲ್ಲ, ಹುಡುಗನ್ನ ಎತ್ತಿಕೊಂಡು ಓಡಿದವರಲ್ಲಿ ಅವರೂ ಒಬ್ರು. "33.5 ದಾಟಿಲ್ವಲ್ಲಪ್ಪ" ಅಂದ್ರು. ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ. 30.5 ದಾಟಿದ್ರೆ ಗಾಳಿ ಬೇಕು ಅನ್ನೋದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ನಾನು ಆಗ ಸುಮ್ನಾದೆ. ಸುಮ್ನಾಗಿದ್ದು ತಪ್ಪು ಅಂತ ಇವತ್ತು ಅನ್ನಿಸುತ್ತೆ. ಡಿಪ್ಲೊಮಾ ಮುಗಿಸಿದೆ, ಗಣಿ ಕೆಲಸಕ್ಕೆ ಹೋಗ್ಲಿಲ್ಲ.

ಅವತ್ತಿಂದ ನನಗೆ ಗಣಿ ಬಿಸಿ ಬಗ್ಗೆ ಯಾವ ಅಂಕಿ ಅಂಶ ನೋಡಿದ್ರೂ ಒಂದೇ ಪ್ರಶ್ನೆ, ಇದರಲ್ಲಿ ಆ ಹುಡುಗ ಎಲ್ಲಿದ್ದಾನೆ? ಬಿಸಿ ಯಾವತ್ತೂ ತನ್ನ ಹೆಸರಲ್ಲಿ ಬರಲ್ಲ. ಕಾಲು ಜಾರಿತು ಅಂತ ಬರುತ್ತೆ, ಬೆರಳು ಸಿಕ್ಕಾಕ್ಕೊಂಡಿತು ಅಂತ ಬರುತ್ತೆ, ಜಗಳ ಆಡಿದ ಅಂತ ಬರುತ್ತೆ, ಮನೆಗೆ ಹೋಗಿ ಮಲಗಿದವನು ಬೆಳಿಗ್ಗೆ ಏಳ್ಲಿಲ್ಲ, ಹಾರ್ಟ್ ಅಟ್ಯಾಕ್ ಅಂತ ಬರುತ್ತೆ. 1952ರ ಗಣಿ ಕಾಯ್ದೆ ಕೆಳಗೆ ನೋಟಿಫೈ ಆಗಿದ್ದ ರೋಗಗಳ ಪಟ್ಟೀಲಿ ಸಿಲಿಕೋಸಿಸ್ ಇತ್ತು, ಕಲ್ನಾರಿಂದ ಬರೋ ರೋಗ ಇತ್ತು, ಮ್ಯಾಂಗನೀಸ್ ವಿಷ ಇತ್ತು, ಸದ್ದಿಗೆ ಕಿವಿ ಹೋಗೋದೂ ಇತ್ತು. ಬಿಸಿಗೆ ಅಂತ ಒಂದು ಸಾಲು ಇರ್ಲಿಲ್ಲ. ಧೂಳು ಎಕ್ಸ್‌ರೇನಲ್ಲಿ ಕಾಣುತ್ತೆ, ಮೂಳೆ ಮುರಿದದ್ದು ಕಾಣುತ್ತೆ, 39.5 ಡಿಗ್ರಿಗೆ ಹೋಗಿ ವಾಪಸ್ 37ಕ್ಕೆ ಬಂದ ಮೈಯಲ್ಲಿ ಮರುದಿನ ತೋರಿಸೋಕೆ ಏನೂ ಇರಲ್ಲ.

"ಉಷ್ಣ"

ಮಾವನಿಗೆ ಕಿಡ್ನಿ ಸ್ಟೋನ್ ಆದದ್ದು ನಾಲ್ಕು ಸಲ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಎರಡು ಸಲ ಆಸ್ಪತ್ರೆ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಹೆಸರು ಉಷ್ಣ. "ನಿಮ್ಮ ಮಾವಂದು ಉಷ್ಣದ ಮೈ" ಅಂತ ಅತ್ತೆ ಹೇಳೋರು. ಉರಿಮೂತ್ರ ಬಂದ್ರೆ ಉಷ್ಣ, ಬೆನ್ನ ತುಂಬ ಬೆವರುಸಾಲೆ ಎದ್ದು ಕೀವಾದ್ರೆ ಉಷ್ಣ, ಕಣ್ಣು ಕೆಂಪಾದ್ರೆ ಉಷ್ಣ. ಮಾವನ ಮೈಯೇ ಹಾಗೆ ಹುಟ್ಟಿದೆ ಅನ್ನೋ ಹಾಗೆ ಹೇಳ್ತಿದ್ವಿ. ನೋಡಿದ್ರೆ ಲೈನ್‌ನಲ್ಲಿ ಅಕ್ಕಪಕ್ಕದ ಮನೆಯವರ ಮೈಯೂ ಉಷ್ಣದ್ದೇ. ಇಡೀ ಬೀದೀಲಿ ಗಂಡಸರೆಲ್ಲ ಉಷ್ಣದ ಮೈ ಇಟ್ಕೊಂಡೇ ಹುಟ್ಟಿದ್ರಾ?

ದಿನಾ ನೀರು ಕಳ್ಕೊಂಡು ಪೂರ್ತಿ ತುಂಬಿಸ್ಕೊಳ್ಳದೇ ಇದ್ರೆ ಮೂತ್ರ ಗಟ್ಟಿಯಾಗುತ್ತೆ, ಗಟ್ಟಿಯಾದ ಮೂತ್ರದಲ್ಲಿ ಹರಳು ಕಟ್ಟುತ್ತೆ, ಇದು ಗೊತ್ತಿರೋದೇ. ಕಲ್ಲಾಗದೇ ಇದ್ರೂ ರಕ್ತ ಕಮ್ಮಿ ಸಿಕ್ಕು ಸಿಕ್ಕು ಕಿಡ್ನಿ ಸೊರಗಬಹುದು. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಶುಗರ್ ಇಲ್ಲ ಬಿಪಿ ಇಲ್ಲ, ಆದ್ರೂ ಚಿಕ್ಕ ವಯಸ್ಸಿನ ಕೂಲಿಗಳಿಗೆ ಕಿಡ್ನಿ ಹೋಗ್ತಿರೋದನ್ನ ನೋಡಿ ಡಾಕ್ಟರುಗಳು ಬಿಸಿ ಮತ್ತು ನೀರಿನ ಕೊರತೆಯನ್ನ ಮುಖ್ಯ ಕಾರಣಗಳಲ್ಲಿ ಒಂದು ಅಂತ ಗಂಭೀರವಾಗಿ ನೋಡ್ತಿದ್ದಾರೆ. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಹೇಳೋ ಕ್ರಿಯೇಟಿನಿನ್ ಮಾವನಿಗೆ ಈಗ 1.9, ಇರಬೇಕಾದ್ದಕ್ಕಿಂತ ಜಾಸ್ತಿ. ಬೆಂಗಳೂರಿನ ಆಸ್ಪತ್ರೆ ಒಂದರಲ್ಲಿ ತೋರಿಸ್ತೀವಿ. ಶುಗರ್ ಇದ್ಯಾ, ಬಿಪಿ ಇದ್ಯಾ, ಪೇನ್ ಕಿಲ್ಲರ್ ತಗೊಳ್ತಿದ್ರಾ, ಮನೇಲಿ ಯಾರಿಗಾದ್ರೂ ಇತ್ತಾ, ಎಲ್ಲ ಕೇಳಿದ್ರು. ಏನು ಕೆಲಸ ಮಾಡ್ತಿದ್ರಿ ಅಂತ ಕೇಳ್ಲಿಲ್ಲ. ಫಾರ್ಮ್‌ನಲ್ಲಿ ಉದ್ಯೋಗ ಅನ್ನೋ ಕಾಲಂ ಇತ್ತು, ಕೌಂಟರ್‌ನಲ್ಲಿದ್ದ ಹುಡುಗಿ ತಾನಾಗೇ "ರಿಟೈರ್ಡ್" ಅಂತ ಟೈಪ್ ಮಾಡಿದ್ಲು. ಇಪ್ಪತ್ತೆರಡು ವರ್ಷ ಅದೊಂದು ಪದದಲ್ಲಿ ಮುಗೀತು. ಮಾವನ ಕಿಡ್ನಿ ಬಿಸಿಯಿಂದಲೇ ಹೋಗಿದೆ ಅಂತ ನಾನು ಹೇಳ್ತಿಲ್ಲ, ಅದನ್ನ ಹೇಳೋಕೆ ನಾನು ಡಾಕ್ಟರ್ ಅಲ್ಲ. ಕೇಳಬೇಕಿತ್ತು ಅಂತ ಮಾತ್ರ ಹೇಳ್ತಿದೀನಿ. ಹೋದ ತಿಂಗಳು ಚೆಕಪ್‌ಗೆ ಹೋದಾಗ ನಾನೇ ಒಂದು ಹಾಳೆ ಮೇಲೆ ಬರ್ಕೊಂಡು ಹೋದೆ, ಎಷ್ಟು ವರ್ಷ, ಎಷ್ಟು ಆಳ, ಎಂಥ ಜಾಗ, ದಿನಕ್ಕೆ ಎಷ್ಟು ಗಂಟೆ. ಹೊಸ ಡಾಕ್ಟರ್ ಒಬ್ರು, ಚಿಕ್ಕ ವಯಸ್ಸಿನವರು, ಎರಡು ಸಲ ಓದಿ ಫೈಲಿಗೆ ಪಿನ್ ಮಾಡಿದ್ರು.

ಆ ಹಾಳೆ ಬರೆಯೋಕೆ ಮಾವನ ಜೊತೆ ಕೂತಿದ್ದೆ, ಅದೇ ಜಗಲಿ ಮೇಲೆ, ಅದೇ ಏಪ್ರಿಲ್ ಸಂಜೆ, ಕರೆಂಟ್ ಇನ್ನೂ ಬಂದಿರ್ಲಿಲ್ಲ. ಟ್ರೈನಿಂಗ್‌ನ ಆ ಹುಡುಗನ ಕಥೆ ಅವರಿಗೆ ಯಾವತ್ತೂ ಹೇಳಿರ್ಲಿಲ್ಲ, ಅವತ್ತು ಹೇಳಿದೆ. ಏಣಿ ಮೇಲೆ ಬೆರಳು ಬಿಚ್ಕೊಂಡಿದ್ದು ಹೇಳಿದಾಗ ಮಾವ ತಮ್ಮ ಬಲಗೈ ನೋಡ್ಕೊಂಡ್ರು. ಮೊಣಕೈ ಹತ್ರ ಅವರಿಗೆ ಒಂದು ಉದ್ದ ಗಾಯದ ಗುರುತಿದೆ, ಹೊಲಿಗೆ ಹಾಕಿದ್ದು, ನಾನು ಹುಟ್ಟೋಕೆ ಮುಂಚಿನದು. ಕೆಳಗೆ ಕಾಲು ಜಾರಿ ಬಿದ್ದದ್ದು ಅಂತಲೇ ನಮಗೆಲ್ಲ ಗೊತ್ತಿರೋದು.

"ಇದು ಹೇಗಾಯ್ತು ಮಾವ?" ಅಂದೆ.

"ಜಾರಿ ಬಿದ್ದೆ."

ಸುಮ್ನಿದ್ದೆ.

"ಅದಕ್ಕೆ ಮುಂಚೆ ಕಣ್ಣು ಕತ್ಲೆ ಬಂದಿತ್ತು," ಅಂದ್ರು. "ಕಿವೀಲಿ ಗುಂಯ್ ಅಂತಿತ್ತು. ಬೆವರು ನಿಂತುಹೋಗಿತ್ತು, ಅದು ಗೊತ್ತಾಯ್ತು ನನಗೆ. ಮೈ ಒಣಗಿತ್ತು."

"ನೀವು ಯಾರಿಗೂ ಹೇಳ್ಲಿಲ್ವಾ?"

"ತಲೆ ಸುತ್ತು ಬಂತು ಅಂದ್ರೆ ಮೇಲೆ ಕೆಲಸಕ್ಕೆ ಹಾಕ್ತಾರೆ ಅಂತ ಹೆದರಿಕೆ ಕಣಪ್ಪ. ಕೆಳಗಿನ ಸಂಬಳ ಬೇರೆ, ಮೇಲಿನ ಸಂಬಳ ಬೇರೆ. ನಿಮ್ಮತ್ತೆ ಆಗ ಬಸುರಿ." ಟವೆಲ್ ಹೆಗಲಿಂದ ತೆಗೆದು ಹಿಂಡೋಕೆ ನೋಡಿದ್ರು, ಪೂರ್ತಿ ಆರಿತ್ತು. "ಬರ್ಕೋ ಬೇಕಾದ್ರೆ," ಅಂದು, ಅದನ್ನ ಒದ್ದೆ ಮಾಡ್ಕೊಂಡು ಬರೋಕೆ ಒಳಗೆ ಹೋದ್ರು.